ನಾನು 'ಹೇಜಿ' ಅಂದದ್ದು

ಕೆ.ಆರ್. ಪುರಂ ತೂಗುಸೇತುವೆಯ ಹತ್ತಿರ ಬಸ್ಸು ನಿಂತು ಬ್ರೇಕಿನ ಗಾಳಿ ಬಿಟ್ಟರೆ ಸಾಕು, ನಾನು ಈಗಲೂ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಪಕ್ಕದಲ್ಲಿದ್ದವರು ಕಾಲು ತುಳಿಸಿಕೊಂಡು ಬೈಯುತ್ತಾರೆ. ಆ ಸದ್ದು ಅಡಗುವುದರೊಳಗೆ ನನ್ನ ಕಣ್ಣ ಮುಂದೆ ಒಂದು ಉಕ್ಕಿನ ಬಾಗಿಲು ತೆರೆದು, ನೀಲಿ ನೀರು ಹಾರಿ, ಒಬ್ಬ ಮನುಷ್ಯ ಮುಖ ಮುಚ್ಚಿಕೊಂಡು ಕುಸಿದಿರುತ್ತಾನೆ. ಅದಕ್ಕೆ ಸ್ವಲ್ಪ ಮೊದಲು ನನ್ನ ಗೆಳತಿ "ಸರ್, ತೆಗೀಬೇಡಿ ಅನ್ನಿ" ಎಂದು ಹೇಳಿರುತ್ತಾಳೆ. ಅದನ್ನು ನಾನು ಕೇಳಿಸಿಕೊಂಡಿದ್ದೆ. ವಿಚಾರಣೆಯಲ್ಲಿ ಕೇಳಿದಾಗ ಮಾತ್ರ ಸರಿಯಾಗಿ ನೆನಪಿಲ್ಲ ಎಂದೆ. ಹಾಗೆನ್ನಲು ನಾನು ಬಳಸಿದ ಇಂಗ್ಲಿಷ್ ಪದವನ್ನು ನನಗೆ ಕಲಿಸಿದವಳೂ ಅವಳೇ.

ತೊಂಬತ್ತರ ದಶಕದ ಕೊನೆ. ದೊಡ್ಡನೆಕ್ಕುಂದಿಯಲ್ಲಿ ಇಂಜೆಕ್ಷನ್ ಔಷಧ ತುಂಬುವ ಒಂದು ಸಣ್ಣ ಕಾರ್ಖಾನೆಯಿತ್ತು. ಔಷಧವನ್ನು ಬೆರಳುದ್ದದ ಗಾಜಿನ ಆಂಪೂಲುಗಳಿಗೆ ತುಂಬಿ, ಉರಿಯಲ್ಲಿ ಕತ್ತು ಕರಗಿಸಿ ಮುಚ್ಚುತ್ತಿದ್ದರು. ಅವು ಸರಿಯಾಗಿವೆಯೇ ಎಂದು ಒಂದೊಂದಾಗಿ ಕಣ್ಣಲ್ಲಿ ನೋಡುವ ಕೆಲಸ ಹೆಂಗಸರದು. ನಾನು ರಾಯಚೂರು ಕಡೆಯಿಂದ ಬಂದು ಜೋಗುಪಾಳ್ಯದಲ್ಲಿ ಅಕ್ಕನ ಮನೆಯಲ್ಲಿದ್ದೆ. ಮನೆ ಎಂದರೆ ಒಂದು ಬಾಡಿಗೆ ಕೋಣೆ. ಅಕ್ಕ, ಭಾವ ಇಬ್ಬರೂ ಬೆಳಿಗ್ಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ನಾನು ಬಿ.ಎಸ್ಸಿ. ಮುಗಿಸಿದ್ದೆ. ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿತ್ತು. ಇಂಗ್ಲಿಷನ್ನು ತಪ್ಪಿಲ್ಲದೆ ಬರೆಯುತ್ತಿದ್ದೆ, ಆದರೆ ಬಾಯಿ ತೆರೆದರೆ ಮೂರನೇ ಪದಕ್ಕೆ ನಿಂತುಬಿಡುತ್ತಿತ್ತು.

ಆ ಗೆಳತಿ ಶಿವಾಜಿನಗರದವಳು. ತಂದೆಗೆ ಅಲ್ಲಿ ಗಾಜಿನ ಬಳೆಗಳ ಅಂಗಡಿ. ಓದಿದ್ದು ಪಿಯುಸಿ ಮಾತ್ರ. ಮನೆಯಲ್ಲಿ ದಖನಿ, ಬೀದಿಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಮ್ಯಾನೇಜರ್ ಜೊತೆ ಇಂಗ್ಲಿಷ್, ಎಲ್ಲವೂ ಒಂದೇ ವೇಗದಲ್ಲಿ. ಕಂಪನಿ ಬಸ್ಸಿಗೆ ಅವಳು ಮೊದಲು ಹತ್ತುತ್ತಿದ್ದಳು. ನಾನು ಹಲಸೂರಿನಲ್ಲಿ ಹತ್ತುವವರೆಗೆ ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಟ್ಟು ಕಾಯ್ದಿರಿಸುತ್ತಿದ್ದಳು. ನನಗೆ ಹೆಸರಿದ್ದರೂ ಅವಳ ಬಾಯಲ್ಲಿ ನಾನು "ರಾಯಚೂರ್".

ಮೊದಲ ದಿನ ನನ್ನನ್ನು ಅವಳ ಪಕ್ಕ ಕೂರಿಸಿದರು. ಪ್ರತಿಯೊಬ್ಬರ ಮುಂದೆ ಟ್ಯೂಬ್‌ಲೈಟಿನ ಒಂದು ಪೆಟ್ಟಿಗೆ. ಅದರ ಹಿಂಬದಿ ಅರ್ಧ ಕಪ್ಪು, ಅರ್ಧ ಬಿಳಿ. ಆಂಪೂಲಿನ ಕತ್ತು ಹಿಡಿದು ತಿರುಗಿಸಿ, ಮೊದಲು ಕಪ್ಪಿನ ಮುಂದೆ ನೋಡಬೇಕು, ಆಮೇಲೆ ಬಿಳಿಯ ಮುಂದೆ. ಬಿಳಿ ಎಳೆ ಕಪ್ಪಿನ ಮೇಲೆ ಕಾಣುತ್ತದೆ, ಕಪ್ಪು ಚುಕ್ಕೆ ಬಿಳಿಯ ಮೇಲೆ. ಇವೆರಡನ್ನೂ ಕೂಡಲೇ ಕಲಿತೆ. ತೆಗೆದುಹಾಕಿದವನ್ನು ಗುರುತಿಸುವ ಚೀಟಿಯಲ್ಲಿದ್ದ ಮೂರನೆಯ ಕಾಲಮ್ಮು ಮಾತ್ರ ತಿಳಿಯಲಿಲ್ಲ. ಅದರ ತಲೆಯ ಮೇಲೆ 'ಹೇಜಿ' ಎಂದು ಇಂಗ್ಲಿಷಿನಲ್ಲಿತ್ತು. ನನ್ನ ನಿಘಂಟಿನಲ್ಲಿ ಅದಕ್ಕೆ 'ಮಂಜು ಕವಿದ' ಎಂಬ ಅರ್ಥವಿದ್ದದ್ದು ನೆನಪಿತ್ತು.

"ಇದರಾಗ ಮಂಜು ಎಲ್ಲಿಂದ ಬರ್ತದ್ರಿ?" ಎಂದೆ.

ಅವಳು ನಕ್ಕಳು. ಎರಡು ಆಂಪೂಲ್ ಎತ್ತಿ ಹಿಡಿದಳು. "ನೋಡು, ಕ್ಲಿಯರ್ ಅಂದ್ರೆ ಒಳಗೆ ನೀರು ಇದ್ಯೋ ಇಲ್ವೋ ಅಂತ ಡೌಟ್ ಬರ್ಬೇಕು. ಇದನ್ನ ನೋಡು. ಯಾರೋ ಒಳಗೆ ಉಸಿರು ಬಿಟ್ಟಂಗಿಲ್ವಾ?"

"ಕಸ ಏನೂ ಕಾಣ್ವಲ್ದಲ್ರಿ."

"ಕಸ ಕಂಡ್ರೆ ಅದು ಪಾರ್ಟಿಕಲ್. ಬೇರೆ ಕಾಲಮ್ಮು. ಕಸಾನೂ ಇಲ್ಲ, ಕ್ಲೀನೂ ಇಲ್ಲ ಅಂದ್ರೆ ಹೇಜಿ. ಮತ್ತೆ ಈ 'ರಿ' ಎಲ್ಲ ಬಿಡು, ನಾನೇನು ನಿಮ್ಮ ಅತ್ತೇನಾ?"

ಅವಳು ಆ ಪದವನ್ನು ಪೆಟ್ಟಿಗೆಯೊಳಗೆ ಇಡಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಡಿಸೆಂಬರಿನ ಹಲಸೂರು ಕೆರೆ ಕಂಡರೆ ಅದು ಹೇಜಿ. ನಮ್ಮನ್ನು ಖಾಯಂ ಮಾಡುತ್ತೇನೆಂದು ಮ್ಯಾನೇಜರ್ ಹೇಳಿದ್ದು ಹೇಜಿ. ಅವಳನ್ನು ನೋಡಲು ಬಂದ ಗಂಡಿನ ಮನೆಯವರು ಚಹಾ ಕುಡಿದು "ಇನ್ಷಾ ಅಲ್ಲಾ, ಹೇಳಿ ಕಳಿಸ್ತೀವಿ" ಎಂದದ್ದು ತುಂಬಾ ಹೇಜಿ. ಜ್ವರ ಬಂದ ಮಾರನೆಯ ದಿನ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಹೇಜಿ. ರಿಜೆಕ್ಟ್. ಮನೆಗೆ ಹೋಗು" ಎಂದಿದ್ದಳು. ನಾನು ಇವನ್ನೆಲ್ಲ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ, ಕ್ಯಾಂಟೀನಿನಲ್ಲಿ, ಸಾಂಬಾರ್ ಹೇಜಿ ಇದೆ ಎಂದೆ.

ಅವಳಿಗೆ ನಗು ತಡೆಯಲಾಗಲಿಲ್ಲ. "ಸಾಂಬಾರ್ ಹೇಜಿ ಆಗಲ್ಲ ಕಣೇ! ಸಾಂಬಾರ್ ತಳ ಕಾಣ್ಬೇಕು ಅಂತ ಯಾರಾದ್ರೂ ಕೇಳ್ತಾರಾ? ಕಾಣ್ಬೇಕಾಗಿದ್ದು ಕಾಣ್ದೇ ಇದ್ರೆ ಮಾತ್ರ ಹೇಜಿ."

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನನ್ನ ನಿಘಂಟಿನಲ್ಲಿ ಇಲ್ಲದ ಅರ್ಥವನ್ನು ಪಿಯುಸಿ ಓದಿದವಳು ಅನ್ನ ಕಲಸುತ್ತಾ ಹೇಳಿದ್ದಳು, ಅದೂ ಸರಿಯಾಗಿತ್ತು. ಅದೊಂದನ್ನು ಮಾತ್ರ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ.

ಹೊಟ್ಟೆಕಿಚ್ಚಿಗೆ ನಮ್ಮ ಕೆಲಸದಲ್ಲಿ ಅಳತೆಯೂ ಸಿಗುತ್ತಿತ್ತು. ವಾರಕ್ಕೊಮ್ಮೆ, ಯಾವ ದಿನವೆಂದು ಹೇಳದೆ, ಒಳ್ಳೆಯ ಆಂಪೂಲುಗಳ ಟ್ರೇಯಲ್ಲಿ ಹತ್ತು ಕೆಟ್ಟವನ್ನು ಬೆರೆಸಿ ನಮ್ಮ ಮುಂದಿಡುತ್ತಿದ್ದರು. ಯಾರು ಎಷ್ಟು ಹಿಡಿದರು ಎಂದು ಸಂಜೆ ಗೋಡೆಯ ಹಲಗೆಯ ಮೇಲೆ ಬರೆಯುತ್ತಿದ್ದರು. ಅವಳದು ಹತ್ತು, ನನ್ನದು ಎಂಟು. ಮತ್ತೊಂದು ವಾರ ಅವಳದು ಹತ್ತು, ನನ್ನದು ಒಂಬತ್ತು. ತಪ್ಪಿಸಿಕೊಂಡಿದ್ದು ಯಾವಾಗಲೂ ಹೇಜಿಯೇ. ಒಂದು ಸಲ ಅವಳ ಹೆಸರಿನ ಮುಂದೆ ಒಂಬತ್ತು ಎಂದು ಬರೆದಿದ್ದರು. ಬಸ್ಸಿನಲ್ಲಿ ನಾನು ಅಂದು ಎಷ್ಟು ಮಾತಾಡಿದೆನೆಂದರೆ ಅವಳೇ, "ಏನೇ, ಇವತ್ತು ಊರಿಂದ ಕಾಗ್ದ ಬಂತಾ?" ಎಂದು ಕೇಳಿದಳು. ಮರುದಿನ ಬೆರೆಸಿದವರೇ ಎಣಿಕೆ ತಪ್ಪಿದ್ದರೆಂದು ತಿಳಿದು ಒಂಬತ್ತನ್ನು ಅಳಿಸಿ ಹತ್ತು ಮಾಡಿದರು.

ಎರಡನೆಯ ವರ್ಷ ಅವಳನ್ನು ಸೀನಿಯರ್ ಮಾಡಿದರು. ಕಿಟಕಿಯ ಪಕ್ಕದ ಪೆಟ್ಟಿಗೆ ಅವಳಿಗೆ ಸಿಕ್ಕಿತು. ಕಣ್ಣಿಗೆ ವಿಶ್ರಾಂತಿಯೆಂದು ಗಂಟೆಗೊಮ್ಮೆ ದೂರದ ಹಸಿರನ್ನು ನೋಡುವ ನಿಯಮವಿತ್ತು. ಹೊರಗಿದ್ದ ಒಂದೇ ಹೊಂಗೆ ಮರ ಅವಳ ಜಾಗದಿಂದ ಪೂರ್ತಿ ಕಾಣುತ್ತಿತ್ತು, ನನ್ನ ಜಾಗದಿಂದ ಒಂದು ಕೊಂಬೆ. ನಾನು ಮರದ ಬದಲು ಅವಳ ಬೆನ್ನನ್ನು ನೋಡುತ್ತಿದ್ದೆ.

ಅವಘಡವಾದದ್ದು ಆ ವರ್ಷದ ಒಂದು ಮಧ್ಯಾಹ್ನ. ಮುಚ್ಚಿದ ಆಂಪೂಲುಗಳನ್ನು ನಮಗೆ ಕೊಡುವ ಮೊದಲು ಆಟೋಕ್ಲೇವಿನಲ್ಲಿ ಹಬೆಯಲ್ಲಿ ಬೇಯಿಸುತ್ತಿದ್ದರು. ಎರಡು ಬೀರುಗಳಷ್ಟು ದೊಡ್ಡ ಪ್ರೆಶರ್ ಕುಕ್ಕರ್ ಎಂದುಕೊಂಡರೆ ಸಾಕು. ಕೊನೆಗೆ ಅದರೊಳಗೆ ನೀಲಿ ಬಣ್ಣದ ನೀರು ಬಿಡುತ್ತಿದ್ದರು. ಯಾವುದಾದರೂ ಆಂಪೂಲಿನಲ್ಲಿ ಕೂದಲೆಳೆಯ ಬಿರುಕಿದ್ದರೆ ಅದು ನೀಲಿ ಹೀರಿಕೊಂಡು ಸಿಕ್ಕಿಬೀಳುತ್ತಿತ್ತು. ಬಾಗಿಲ ಮೇಲೆ ಒಳಗಿನ ಒತ್ತಡ ತೋರಿಸುವ, ಗಡಿಯಾರದಂಥ ಗೇಜು. ಅದರ ಮುಳ್ಳು ಸೊನ್ನೆಗೆ ಇಳಿದ ಮೇಲೆ ಮಾತ್ರ ಬಾಗಿಲಿನ ಚಕ್ರ ತಿರುಗಿಸಬೇಕು. ಅದನ್ನು ನಡೆಸುತ್ತಿದ್ದವರು ಹಲಸೂರಿನ ಒಬ್ಬ ತಮಿಳು ಅಣ್ಣ. ನಮ್ಮನ್ನೆಲ್ಲ 'ಪಾಪಾ', ಅಂದರೆ ಮಗು, ಎಂದು ಕರೆಯುತ್ತಿದ್ದರು.

ನಾನೂ ಅವಳೂ ಟ್ರೇಗಳನ್ನು ತರಲು ತಳ್ಳುಗಾಡಿ ಹಿಡಿದು ಹೋಗಿದ್ದೆವು. ಅಣ್ಣ ಚಕ್ರದ ಮೇಲೆ ಕೈಯಿಟ್ಟು ನಿಂತಿದ್ದರು. ಹಬೆ ಬಿಡುವ ಕೊಳವೆ ಜೋರಾಗಿ ಸದ್ದು ಮಾಡುತ್ತಿತ್ತು. ಶಿಫ್ಟಿನ ಮೇಲ್ವಿಚಾರಕರು ನಮ್ಮ ಪಕ್ಕದಲ್ಲಿ ಕೈಗಡಿಯಾರ ನೋಡುತ್ತಿದ್ದರು. ಗೇಜಿನ ಗಾಜಿನೊಳಗೆ ನೀರಿನ ಪಸೆ ಸೇರಿ ಮುಳ್ಳು ಕಾಣುತ್ತಿರಲಿಲ್ಲ. ನಾನು ಅದನ್ನು ಗಮನಿಸಿಯೇ ಇರಲಿಲ್ಲ, ಗಮನಿಸಿದವಳು ಅವಳು.

"ಸರ್, ಗೇಜ್ ಗ್ಲಾಸ್ ಹೇಜಿ ಆಗಿದೆ. ಮುಳ್ಳು ಕಾಣ್ತಾ ಇಲ್ಲ. ತೆಗೀಬೇಡಿ ಅನ್ನಿ ಅಣ್ಣಂಗೆ."

"ಇಳ್ದಿರತ್ತೆ ಕಣಮ್ಮ, ಟೈಮ್ ಆಯ್ತಲ್ಲ."

"ಸರ್, ಕಾಣ್ತಾ ಇಲ್ಲ ಅಂತಿದೀನಿ. ತೆಗೀಬೇಡಿ ಅನ್ನಿ."

"ನೀನು ನಿನ್ನ ಇನ್‌ಸ್ಪೆಕ್ಷನ್ ನೋಡ್ಕೊ. ರೀ, ತೆಗೀರಿ!"

ಕೊನೆಯ ಮಾತನ್ನು ಅವರು ಕೂಗಿ ಹೇಳಿದ್ದರಿಂದ ಅಣ್ಣನಿಗೆ ಅದೊಂದೇ ಕೇಳಿಸಿತು. ಚಕ್ರ ಸುತ್ತಿದರು. ಬಾಗಿಲು ತಾನಾಗಿಯೇ ಎಗರಿತು. ಸದ್ದು ಮೊದಲು ಬಂತೋ ನೀರು ಮೊದಲು ಬಂತೋ ಎಂದು ಇಷ್ಟು ವರ್ಷಗಳಿಂದ ನೋಡುತ್ತಿದ್ದೇನೆ, ಗೊತ್ತಾಗುವುದಿಲ್ಲ. ಅವಳು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು. ನಾನು ನಿಂತಿದ್ದ ಜಾಗಕ್ಕೆ ಕುದಿಯುವ ನೀಲಿ ನೀರು ಬಿತ್ತು. ಒಂದು ಹನಿ ನನ್ನ ಎಡಗೈ ಮೇಲೆ ಬಿದ್ದು ಸುಟ್ಟಿತು. ಅಣ್ಣ ಕುಸಿದು "ಅಮ್ಮಾ, ಅಮ್ಮಾ" ಎನ್ನುತ್ತಿದ್ದರು. ಅವರ ಬಿಳಿ ಕೋಟು ನೀಲಿಯಾಗಿತ್ತು. ಅವಳು ಓಡಿಹೋಗಿ ತಣ್ಣೀರಿನ ಕೊಳವೆ ಎಳೆದು ತಂದು ಅವರ ಮುಖಕ್ಕೂ ಕೈಗೂ ಬಿಡತೊಡಗಿದಳು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. ಅವಳ ಕಾಲು ಓಡಿತು, ನನ್ನದು ಓಡಲಿಲ್ಲ.

ವಾರದ ನಂತರ ಕಾರ್ಖಾನೆಯೊಳಗೇ ವಿಚಾರಣೆ. ಸೀನಿಯರ್ ಇನ್‌ಸ್ಪೆಕ್ಟರ್, ಅಂದರೆ ಅವಳು, ಟ್ರೇಗಳಿಗೆ ಅವಸರ ಮಾಡಿದ್ದರಿಂದಲೇ ಬಾಗಿಲು ತೆಗೆಯಬೇಕಾಯಿತು, ಗೇಜಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ ಎಂದು ಮೇಲ್ವಿಚಾರಕರು ಬರೆದುಕೊಟ್ಟಿದ್ದರು. ಅಣ್ಣ ಆಸ್ಪತ್ರೆಯಲ್ಲಿದ್ದರು. ಉಳಿದ ಸಾಕ್ಷಿ ನಾನೊಬ್ಬಳೇ. ನಾನು ಹೌದೆಂದರೆ ಅವಳ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದವಳು ನಾನು ಒಳಗೆ ಹೋಗುವಾಗ, "ಹೆದರ್ಬೇಡ. ಇಂಗ್ಲಿಷ್ ಬರ್ದಿದ್ರೆ ಕನ್ನಡದಲ್ಲೇ ಹೇಳು. ಕೇಳಿಸ್ಕೊಂಡಿದ್ದು ಹೇಳು ಅಷ್ಟೆ" ಎಂದಳು.

ಇಂಗ್ಲಿಷ್ ಬರದಿದ್ದರೆ. ಆ ಮಾತನ್ನೇ ಕಚ್ಚಿಕೊಂಡು ಒಳಗೆ ಹೋದೆ.

ಮ್ಯಾನೇಜರ್ ಇಂಗ್ಲಿಷಿನಲ್ಲಿ ಕೇಳಿದರು. ಅವಳು ಗೇಜಿನ ಬಗ್ಗೆ ಏನಾದರೂ ಹೇಳಿದಳೇ? ಮೇಲ್ವಿಚಾರಕರು ಮೇಜಿನ ಆ ಬದಿಯಲ್ಲಿ ಪೆನ್ನು ತಿರುಗಿಸುತ್ತಿದ್ದರು. ನನಗೆ ಅವರ ಹೆದರಿಕೆಯೇನೂ ಇರಲಿಲ್ಲ, ಹೆದರಿ ಹಾಗೆಂದಳು ಎಂದು ಯಾರೂ ನನ್ನ ಪರವಾಗಿ ಹೇಳಬಾರದು. ಗೇಜಿನ ಆ ಗಾಜು ಕಣ್ಣ ಮುಂದಿತ್ತು. ಅವಳ ಎರಡು ಮಾತುಗಳೂ ಕಿವಿಯಲ್ಲಿದ್ದವು. ಕಿಟಕಿಯ ಪಕ್ಕದ ಪೆಟ್ಟಿಗೆಯೂ ಕಂಡಿತು.

"ಸರ್, ಮೈ ಮೆಮೊರಿ ಈಸ್ ಹೇಜಿ," ಎಂದೆ.

ಆ ಕಾರ್ಖಾನೆಯಲ್ಲಿ ತಡವರಿಸದೆ ನಾನು ಆಡಿದ ಮೊದಲ ಇಂಗ್ಲಿಷ್ ವಾಕ್ಯ ಅದು. ಮ್ಯಾನೇಜರ್ ತಲೆಯೆತ್ತಿ ನೋಡಿದರು. ಇವಳಿಗೂ ಬರುತ್ತದಲ್ಲ ಎಂಬಂತೆ. ನನಗೆ ಒಂದು ಕ್ಷಣ ಖುಷಿಯಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ನಿರ್ಲಕ್ಷ್ಯದ ಕಾರಣಕ್ಕೆ ಕೆಲಸದಿಂದ ತೆಗೆಯಲಾಗಿದೆ ಎಂಬ ಪತ್ರ ಅವಳ ಕೈಗೆ ಬಂತು. ಅಂಥ ಪತ್ರವಿದ್ದವರನ್ನು ಬೇರೆ ಯಾವ ಔಷಧ ಕಂಪನಿಯೂ ಒಳಗೆ ಬಿಡುವುದಿಲ್ಲ. ಹೋಗುವ ದಿನ ನನ್ನ ಟಿಫಿನ್ ಡಬ್ಬಿಯನ್ನು ತೊಳೆದು ತಂದಿದ್ದಳು.

"ನೀನು ಪಕ್ಕದಲ್ಲೇ ಇದ್ದೆ ಅಲ್ವಾ?" ಎಂದಳು.

ನಾನು ಡಬ್ಬಿಯ ಮುಚ್ಚಳ ಸರಿ ಮಾಡುತ್ತಾ ನಿಂತೆ. ಅವಳು ಚೀಲ ಹೆಗಲಿಗೇರಿಸಿ ಗೇಟಿನ ಕಡೆ ನಡೆದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕಿಟಕಿಯ ಪಕ್ಕದ ಜಾಗ ನನಗೆ ಸಿಕ್ಕಿತು. ಹೊಂಗೆ ಮರ ಪೂರ್ತಿ ಕಂಡಿತು. ಆದರೆ ಕೈಗೆತ್ತಿಕೊಂಡ ಆಂಪೂಲುಗಳಲ್ಲಿ ಅರ್ಧದಷ್ಟು ನನಗೆ ಹೇಜಿಯಾಗಿ ಕಾಣತೊಡಗಿದವು. ಒಳ್ಳೆಯವನ್ನೂ ತೆಗೆದು ಹಾಕುತ್ತಿದ್ದೆ. ನನ್ನ ಮೂರನೆಯ ಕಾಲಮ್ಮು ತುಂಬಿ ಅಂಚಿಗೆ ಹರಿಯುತ್ತಿತ್ತು. "ಏನಮ್ಮ, ಎಲ್ಲಾನೂ ರಿಜೆಕ್ಟ್ ಮಾಡಿದ್ರೆ ಕಂಪನಿ ಏನು ನೀರು ಮಾರ್ಬೇಕಾ?" ಎಂದು ಅದೇ ಮೇಲ್ವಿಚಾರಕರು ಗದರಿದರು. ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಕಣ್ಣು ಸರಿಯಾಗಿದೆ ಎಂದು ಬರೆದುಕೊಟ್ಟರು.

ಅಣ್ಣ ಮರಳಿ ಬರುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಬಲಗೈ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಗೇಟಿನಲ್ಲಿ ಚೀಟಿ ನೋಡುವ ಕೆಲಸ ಕೊಟ್ಟಿದ್ದರು. ಒಂದು ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ಕರೆದರು.

"ಪಾಪಾ, ಲೇಬರ್ ಆಫೀಸಲ್ಲಿ ನನ್ ಕೇಸ್ ನಡೀತಾ ಇದೆ. ಬಾಗ್ಲು ತೆಗಿ ಅಂದಿದ್ ಯಾರು ಅಂತ ಕೇಳ್ತಾರೆ. ನಿನ್ ಹೆಸ್ರು ಕೊಟ್ಟಿದೀನಿ. ಆ ಪಾಪಾದೂ ಅದ್ರಲ್ಲೇ ಸರಿಹೋಗತ್ತೆ ಅಂತ ವಕೀಲ್ರು ಹೇಳಿದ್ರು."

"ನಂಗ ಸರಿಯಾಗಿ ನೆನಪಿಲ್ಲ ಅಣ್ಣ."

"ನಿನ್ ವಿಷ್ಯ ಆ ಪಾಪಾನೂ ಹಂಗೇ ಹೇಳ್ತು. ಪ್ರತಿ ವಾರ ಆಸ್ಪತ್ರೆಗೆ ಬರೋದು ಅದು, ಬನ್ ತಗೊಂಡು. ನಾನು ನಿನ್ ಮೇಲೆ ಕೋಪ ಮಾಡ್ಕೊಂಡ್ರೆ, ಬಿಡಿ ಅಣ್ಣ, ಗಾಬರೀಲಿ ಅವಳಿಗೆ ಕೇಳ್ಸಿರಲ್ಲ, ಸುಳ್ಳು ಹೇಳೋ ಹುಡ್ಗಿ ಅಲ್ಲ ಅನ್ನೋದು."

ಒಂದು ವರ್ಷ ನಾನು ಒಂದು ಸಲವೂ ಆಸ್ಪತ್ರೆಗೆ ಹೋಗಿರಲಿಲ್ಲ. ಅವಳು ಹೋಗಿದ್ದಳು. ಹೋಗಿ, ನನಗೊಂದು ನೆಪವನ್ನೂ ಕೊಟ್ಟು ಬಂದಿದ್ದಳು. ಒಳ್ಳೆಯತನದಲ್ಲೂ ಹತ್ತಕ್ಕೆ ಹತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಭಾನುವಾರ ಕೂತು ಹೇಳಿಕೆ ಬರೆದೆ, ಕನ್ನಡದಲ್ಲಿ. ನಾಲ್ಕು ಸಲ ಹರಿದು ಹಾಕಿದೆ. ಅಕ್ಕಿ ಆರಿಸುತ್ತಿದ್ದ ಅಕ್ಕ, "ಏನ್ ಬರಿಯಾಕತ್ತೀಯಬೇ ಮುಂಜಾನಿಂದ? ಪರೀಕ್ಷಾ ಅದ ಏನು?" ಎಂದಳು. ಹೌದೆಂದೆ.

ಆ ಹಾಳೆಯನ್ನು ನೇರವಾಗಿ ಕಚೇರಿಗೆ ಕೊಡಬಹುದಿತ್ತು. ಮೊದಲು ಅವಳಿಗೆ ತೋರಿಸಬೇಕು ಅನ್ನಿಸಿತು. ನಾನೂ ಇಂಥದ್ದೊಂದು ಮಾಡಬಲ್ಲೆ ಎಂಬ ಮೆಚ್ಚುಗೆಯನ್ನು ಅವಳ ಮುಖದ ಮೇಲೆ ನೋಡುವ ಆಸೆ. ಶಿವಾಜಿನಗರದ ಅವರ ಮನೆ ಅಂಗಡಿಯ ಮೇಲಿತ್ತು. ಕಿರಿದಾದ ಮೆಟ್ಟಿಲು. ಕೆಳಗೆ ಬಳೆ ಜೋಡಿಸುವ ಸದ್ದು. ಅವಳು ಓಣಿಯ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದಳು. ನನ್ನನ್ನು ಕಂಡು ಮಕ್ಕಳಿಗೆ "ಜಾವ್, ಕಲ್ ಆವ್" ಎಂದು, ನಾಳೆ ಬರಲು ಹೇಳಿ ಕಳಿಸಿದಳು. ಅವಳ ತಾಯಿ ಚಹಾ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು.

"ನಿನ್ನ ವಿಷಯ ಬರ್ದಿದೀನಿ," ಎಂದು ಹಾಳೆ ಕೊಟ್ಟೆ.

ಅವಳಿಗೆ ಕನ್ನಡ ಓದುವುದು ನಿಧಾನ. ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ಅದೊಂದು ವಿಷಯದಲ್ಲಿ ನಾನು ಮೇಲು ಎಂದು ಕಾಯುತ್ತಾ ಕೂತೆ. ಬೆರಳು ಐದನೆಯ ಸಾಲಿನಲ್ಲಿ ನಿಂತಿತು.

"ಇದೇನು?"

ನಾನು ಬಗ್ಗಿ ನೋಡಿದೆ. 'ಗೇಜಿನ ಮುಳ್ಳು ಕಾಣುತ್ತಿಲ್ಲ, ಬಾಗಿಲು ತೆಗೆಯಬೇಡಿ ಎಂದು ಅವಳು ಬಹುಶಃ ಎರಡು ಬಾರಿ ಹೇಳಿದಳು' ಎಂದು ಬರೆದಿದ್ದೆ.

"ಎರಡು ಸಲ ಹೇಳ್ದೆ. ನೀನು ಪಕ್ಕದಲ್ಲಿದ್ದೆ. 'ಬಹುಶಃ' ಯಾಕಿಲ್ಲಿ?"

"ಸುಮ್ನೆ ಬರಿಯೋವಾಗ ಬಂತು."

"ನಾಲ್ಕು ಸಲ ಬರ್ದಿರ್ತೀಯ ನೀನು. ಸುಮ್ನೆ ಬರಲ್ಲ." ದನಿ ಏರಿಸಲಿಲ್ಲ. "ನಂಗೆ ಗೊತ್ತಿತ್ತು ಕಣೇ, ನಿಂಗೆ ಕೇಳ್ಸಿತ್ತು ಅಂತ. ಅಣ್ಣಂಗೆ ಬೇರೆ ಹೇಳ್ದೆ ಅಷ್ಟೆ. ಅವ್ರಿಗೆ ಆಗ್ಲೇ ತುಂಬಾ ನೋವಿತ್ತು."

ಒಂದು ಸಾವಿರ ಆಂಪೂಲುಗಳಲ್ಲಿ ಒಂದನ್ನು ಹಿಡಿಯುವ ಅದೇ ಕಣ್ಣು. ನನಗೆ ಗೊತ್ತಿಲ್ಲದೆ ಬಂದ ಪದ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಾಲ್ಕು ಕರಡುಗಳಲ್ಲೂ ಅದು ಅದೇ ಜಾಗದಲ್ಲಿತ್ತು. ಸತ್ಯ ಹೇಳುವಾಗಲೂ ಅವಳಿಗೆ ಪೂರ್ತಿ ಕೊಡಲು ನನಗೆ ಮನಸ್ಸಿರಲಿಲ್ಲ.

ಪೆನ್ನು ತೆಗೆದು ಆ ಪದದ ಮೇಲೆ ಗೀಟು ಎಳೆಯಲು ಹೋದೆ. "ಹೊಡೆದು ಹಾಕಿದ್ರೆ ಆಫೀಸಲ್ಲಿ ಡೌಟ್ ಪಡ್ತಾರೆ. ಹೊಸ ಹಾಳೇಲಿ ಬರಿ," ಎಂದು ಯಾವುದೋ ಮಗು ಬಿಟ್ಟುಹೋದ ನೋಟ್‌ಬುಕ್ಕಿನ ನಡುವಿನ ಹಾಳೆ ಬಿಡಿಸಿ ಕೊಟ್ಟಳು. ನಾನು ಅವಳ ಮುಂದೆಯೇ ಎಲ್ಲವನ್ನೂ ಬರೆದೆ. 'ವಿಚಾರಣೆಯಲ್ಲಿ ನೆನಪಿಲ್ಲವೆಂದು ಹೇಳಿದ್ದು ಸುಳ್ಳು' ಎಂಬ ಸಾಲನ್ನು ಹೊಸದಾಗಿ ಸೇರಿಸಿದೆ. ಚಹಾ ತಣ್ಣಗಾಗಿ ಕೆನೆ ಕಟ್ಟಿತು. ಬರೆದು ಮುಗಿಸಿದ ಮೇಲೆ ಅವಳು ಹಾಳೆಯನ್ನು ಎತ್ತಿ, ಹಳೆಯ ಅಭ್ಯಾಸದಂತೆ ಟ್ಯೂಬ್‌ಲೈಟಿನ ಕಡೆ ತಿರುಗಿಸಿ, ಮೇಲಿಂದ ಕೆಳಗಿನವರೆಗೆ ಮತ್ತೆ ಬೆರಳಾಡಿಸಿದಳು.

"ಹ್ಞೂ," ಎಂದಳು. ಮೆಟ್ಟಿಲವರೆಗೆ ಬಂದಳು. ಮತ್ತೆ ಬಾ ಎನ್ನಲಿಲ್ಲ.

ಆ ಹೇಳಿಕೆಯನ್ನು ಲೇಬರ್ ಆಫೀಸಿಗೆ ಕೊಟ್ಟದ್ದರಿಂದ ನನ್ನ ಕೆಲಸ ಹೋಯಿತು. ಅವಳ ಪತ್ರದಿಂದ 'ನಿರ್ಲಕ್ಷ್ಯ' ಎಂಬ ಪದವನ್ನು ತೆಗೆದು ಹೊಸ ಪತ್ರ ಕೊಟ್ಟರೆಂದು ಅಣ್ಣ ಹೇಳಿದರು. ಕೆಲವು ತಿಂಗಳ ಮೇಲೆ ಅವಳಿಗೆ ಬೇರೊಂದು ಔಷಧ ಕಂಪನಿಯಲ್ಲಿ ಇನ್‌ಸ್ಪೆಕ್ಷನ್ ವಿಭಾಗಕ್ಕೇ ಮುಖ್ಯಸ್ಥೆಯ ಕೆಲಸ ಸಿಕ್ಕಿತೆಂದೂ ಅವರೇ ಹೇಳಿದರು. "ಒಳ್ಳೇದಾಯ್ತು ಅಣ್ಣ" ಎಂದೆ. ಅದು ನಿಜವಾದ ಮಾತು. ಮನೆಗೆ ಬಂದು, ಅವಳ ಹೊಸ ಜಾಗಕ್ಕೂ ಕಿಟಕಿ ಇರಬಹುದೇ ಎಂದು ಬಹಳ ಹೊತ್ತು ಯೋಚಿಸುತ್ತಾ ಕೂತೆ.